ಮೋಗ್ಲಿಂಗ್ ಎಂಬ ಹೆಸರು ಎಲ್ಲಿಯದು? ಅಪರೂಪದ ಜರ್ಮನ್ ಅಡ್ಡಹೆಸರಿನ ಬೇರು ಹುಡುಕುವ ಕ್ರಮ

ಕನ್ನಡಿಗರಿಗೆ ಜರ್ಮನ್ ಅಡ್ಡಹೆಸರುಗಳು ಹೊಸವೇನಲ್ಲ. ನಿಘಂಟು ಎಂದರೆ ಕಿಟೆಲ್, ಮೊದಲ ಪತ್ರಿಕೆ ಎಂದರೆ ಮೋಗ್ಲಿಂಗ್, ಮಂಗಳೂರು ಹಂಚು ಎಂದರೆ ಪ್ಲೆಬ್ಸ್ಟ್. ಬಾಸೆಲ್ ಮಿಷನ್ನಿನ ಕಡತಗಳನ್ನು ತಿರುವಿದರೆ ಗುಂಡರ್ಟ್, ವೈಗ್ಲೆ, ಹೆಬಿಕ್, ಝೀಗ್ಲರ್, ಹಾಲರ್ ಹೀಗೆ ಸಾಲು ಸಾಲಾಗಿ ಸಿಗುತ್ತವೆ. ಇವುಗಳಲ್ಲಿ ಝೀಗ್ಲರ್ ಜರ್ಮನಿಯ ತುಂಬ ಇರುವ ಹೆಸರು. ಮೋಗ್ಲಿಂಗ್ ಅಲ್ಲಿನವರಿಗೇ ಅಪರೂಪ. ಇಂಥ ಹೆಸರು ಎಲ್ಲಿ ಹುಟ್ಟಿತು, ಇಂದು ಎಷ್ಟು ಜನರಿಗಿದೆ ಎಂದು ಮನೆಯಲ್ಲೇ ಕುಳಿತು ಬಹುಪಾಲು ಪತ್ತೆ ಮಾಡಬಹುದು. ಆದರೆ ಕೆಲಸದ ಅನುಕ್ರಮ ಮುಖ್ಯ: ಮೊದಲು ಕಾಗುಣಿತ, ಆಮೇಲೆ ನಕಾಶೆ, ಅದಾದ ಮೇಲೆ ದಾಖಲೆ, ಅರ್ಥ ಕಟ್ಟಕಡೆಗೆ. ಹೆಚ್ಚಿನವರು ಅರ್ಥದಿಂದಲೇ ಶುರು ಮಾಡಿ, ನಿಘಂಟಿನಲ್ಲಿ ಕಂಡ ಮೊದಲ ಪದಕ್ಕೆ ಹೆಸರನ್ನು ಗಂಟು ಹಾಕಿ ಕೂರುತ್ತಾರೆ. ತಪ್ಪುವುದು ಅಲ್ಲೇ.

ಕಾಗುಣಿತ ಗಟ್ಟಿ ಮಾಡಿಕೊಳ್ಳಿ

ಹರ್ಮನ್ ಮೋಗ್ಲಿಂಗರ ಹೆಸರು ಕನ್ನಡದಲ್ಲೇ ಮೋಗ್ಲಿಂಗ್, ಮೊಗ್ಲಿಂಗ್, ಮೊಗ್ಲಿಂಗ ಎಂದು ಮೂರು ಬಗೆಯಾಗಿ ಓಡಾಡುತ್ತದೆ. ಜರ್ಮನ್ನಿನಲ್ಲಿ ಅದರ ‘ಓ’ ಅಕ್ಷರದ ಮೇಲೆ ಎರಡು ಚುಕ್ಕಿಗಳಿವೆ (ö). ಆ ಚುಕ್ಕಿ ಅಲಂಕಾರವಲ್ಲ, ಬೇರೆಯದೇ ಸ್ವರ. ಇಂಗ್ಲಿಷ್ ಕಡತಗಳಲ್ಲಿ, ಹಡಗಿನ ಪ್ರಯಾಣಿಕರ ಪಟ್ಟಿಗಳಲ್ಲಿ ಚುಕ್ಕಿ ಬಿದ್ದುಹೋಗಿ ಬರೀ ‘ಓ’ ಉಳಿದಿರುತ್ತದೆ, ಇಲ್ಲವೇ ‘ಓ’ ಪಕ್ಕದಲ್ಲಿ ‘ಇ’ (e) ಅಕ್ಷರ ಸೇರಿರುತ್ತದೆ. ಹುಡುಕುವಾಗ ಈ ಮೂರು ರೂಪಗಳನ್ನೂ ಬೇರೆಬೇರೆಯಾಗಿ ಹಾಕಿ ನೋಡಬೇಕು. ಚುಕ್ಕಿ ಇಲ್ಲದ ರೂಪ ಜರ್ಮನಿಯಲ್ಲಿ ಸಂಬಂಧವೇ ಇಲ್ಲದ ಇನ್ನೊಂದು ಹೆಸರಾಗಿರುವ ಸಾಧ್ಯತೆಯೂ ಇದೆ, ಹಾಗಾಗಿ ಎಲ್ಲವನ್ನೂ ಕೂಡಿಸಿ ಎಣಿಸಬೇಡಿ.

ಅಡ್ಡಹೆಸರುಗಳ ಕಾಗುಣಿತ ನೆಲೆ ನಿಂತದ್ದು ತೀರ ಈಚೆಗೆ. ಸರಕಾರಿ ಜನನ–ಮರಣ ನೋಂದಣಿ ಪ್ರಶ್ಯದಲ್ಲಿ 1874ರ ಅಕ್ಟೋಬರ್‌ನಿಂದ, ಇಡೀ ಜರ್ಮನ್ ಸಾಮ್ರಾಜ್ಯದಲ್ಲಿ 1876ರ ಜನವರಿ 1ರಿಂದ ಶುರುವಾಯಿತು. ಅದಕ್ಕೂ ಮುಂಚೆ ಪಾದ್ರಿ ಕಿವಿಗೆ ಬಿದ್ದಂತೆ ಬರೆಯುತ್ತಿದ್ದ. ದಕ್ಷಿಣದಲ್ಲಿ ಬ–ಪ, ದ–ತ, ಗ–ಕ ಅದಲುಬದಲಾಗುತ್ತವೆ. ಮೈಯರ್ ಎಂಬ ಒಂದೇ ಉಚ್ಚಾರಕ್ಕೆ ನಾಲ್ಕೈದು ಬರಹಗಳಿವೆ. ಈ ಗೋಜಲಿಗೆಂದೇ 1969ರಲ್ಲಿ ರೂಪುಗೊಂಡ ಕೊಲೋನ್ ಧ್ವನಿ ವಿಧಾನ ಎಂಬ ಲೆಕ್ಕವಿದೆ. ಅದರಲ್ಲಿ ಮ ಮತ್ತು ನ ವ್ಯಂಜನಕ್ಕೆ 6, ಗ ಮತ್ತು ಕ ವ್ಯಂಜನಕ್ಕೆ 4, ಲ ವ್ಯಂಜನಕ್ಕೆ 5. ಒಳಗಿನ ಸ್ವರಗಳನ್ನು ಬಿಡುತ್ತಾರೆ, ಜೋಡಿ ಅಂಕಿಗಳನ್ನು ಒಂದಾಗಿಸುತ್ತಾರೆ. ಹಾಗೆ ಮಾಡಿದರೆ ಮೋಗ್ಲಿಂಗ್ 64564 ಆಗುತ್ತದೆ. ಮೆಗ್ಲಿಂಗ್, ಮೋಕ್ಲಿಂಗ್ ಎಂದು ಬರೆದಿದ್ದರೂ ಅದೇ 64564. ವಂಶಾವಳಿ ಜಾಲತಾಣಗಳಲ್ಲಿ ‘ಹೋಲುವ ಉಚ್ಚಾರ’ ಎಂಬ ಆಯ್ಕೆ ಕಂಡರೆ ಅದನ್ನು ಒತ್ತುವುದನ್ನು ಮರೆಯಬೇಡಿ.

ಎಡವುವ ಜಾಗ ಇನ್ನೊಂದಿದೆ. 18ನೇ ಶತಮಾನದ ಚರ್ಚ್ ಪುಸ್ತಕಗಳಲ್ಲಿ ಹೆಂಗಸರ ಅಡ್ಡಹೆಸರಿಗೆ ‘ಇನ್’ ಪ್ರತ್ಯಯ ಸೇರುತ್ತಿತ್ತು. ಮ್ಯುಲರ್ ಮನೆಯ ಮಗಳು ಮ್ಯುಲರಿನ್, ಮೋಗ್ಲಿಂಗ್ ಮನೆಯ ಮಗಳು ಮೋಗ್ಲಿಂಗಿನ್. ಇದನ್ನು ಬೇರೊಂದು ಹೆಸರೆಂದು ತಿಳಿದು ಸೂಚಿಗೆ ಸೇರಿಸಿರುವ ಪಟ್ಟಿಗಳು ಬೇಕಾದಷ್ಟಿವೆ.

ನಕಾಶೆ: ಹೆಸರಿನ ಗೂಡು ಎಲ್ಲಿ?

ಅಪರೂಪದ ಹೆಸರಿಗೆ ಒಂದು ಅನುಕೂಲವಿದೆ. ಮ್ಯುಲರ್ ಎಂದರೆ ಗಿರಣಿಯವನು. ಊರಿಗೊಂದು ಗಿರಣಿ ಇದ್ದುದರಿಂದ ಆ ಹೆಸರು ನೂರಾರು ಕಡೆ ತಾನೇ ತಾನಾಗಿ ಹುಟ್ಟಿತು, ನಕಾಶೆಯಿಂದ ಏನೂ ತಿಳಿಯದು. ಅಪರೂಪದ ಹೆಸರು ಸಾಮಾನ್ಯವಾಗಿ ಒಂದೋ ಎರಡೋ ಕಡೆ ಮಾತ್ರ ಹುಟ್ಟಿರುತ್ತದೆ. ಐನೂರು ವರ್ಷ ಕಳೆದರೂ ಅದರ ಸಂತಾನ ಆ ಸುತ್ತಮುತ್ತಲೇ ದಟ್ಟವಾಗಿರುತ್ತದೆ.

ನಕಾಶೆಗಳ ಬುಡದಲ್ಲಿರುವುದು ಟೆಲಿಫೋನ್ ಪಟ್ಟಿ. ಮೈನ್ಜ್ ನಗರದ ವಿದ್ವತ್ ಅಕಾಡೆಮಿಯ ಆಶ್ರಯದಲ್ಲಿ ನಡೆಯುತ್ತಿರುವ ಜರ್ಮನಿಯ ಡಿಜಿಟಲ್ ಅಡ್ಡಹೆಸರು ನಿಘಂಟು 2005ರ ಲ್ಯಾಂಡ್‌ಲೈನ್ ಸಂಪರ್ಕಗಳನ್ನು ಆಧಾರವಾಗಿ ಹಿಡಿದಿದೆ. ಇಷ್ಟು ಹಳೆಯ ವರ್ಷ ಯಾಕೆಂದರೆ, ಮೊಬೈಲ್ ಹಬ್ಬಿದ ಮೇಲೆ ಲ್ಯಾಂಡ್‌ಲೈನ್ ಪಟ್ಟಿ ತೆಳುವಾಗುತ್ತ ಹೋಯಿತು. ಇವತ್ತಿನ ಪಟ್ಟಿಯಲ್ಲಿ ಅರ್ಧ ಊರೇ ಇರುವುದಿಲ್ಲ. ಈ ನಿಘಂಟನ್ನು ಜಾಲದಲ್ಲಿ ಉಚಿತವಾಗಿ ನೋಡಬಹುದು.

ನಕಾಶೆ ನೋಡುವಾಗ ಎರಡು ಬಗೆಯ ಎಣಿಕೆ ಸಿಗುತ್ತದೆ: ಒಟ್ಟು ಸಂಖ್ಯೆ, ಜನಸಂಖ್ಯೆಗೆ ಹೋಲಿಸಿದ ಸಂಖ್ಯೆ. ನಂಬಬೇಕಾದದ್ದು ಎರಡನೆಯದನ್ನು. ಬರ್ಲಿನ್‌ನಲ್ಲಿ ಒಂದು ಹೆಸರಿನ 12 ಸಂಪರ್ಕಗಳಿವೆ, 1 ಲಕ್ಷ ಜನರ ಯಾವುದೋ ಜಿಲ್ಲೆಯಲ್ಲಿ 6 ಇವೆ ಎಂದುಕೊಳ್ಳಿ. ಬರ್ಲಿನ್‌ನ ಜನಸಂಖ್ಯೆ 35 ಲಕ್ಷಕ್ಕೂ ಮೇಲೆ. ಅಲ್ಲಿಗೆ ಹತ್ತು ಲಕ್ಷಕ್ಕೆ ಮೂರು ಚಿಲ್ಲರೆ, ಆ ಚಿಕ್ಕ ಜಿಲ್ಲೆಯಲ್ಲಿ ಹತ್ತು ಲಕ್ಷಕ್ಕೆ 60! ಗೂಡು ಎಲ್ಲಿದೆಯೆಂದು ಬೇರೆ ಹೇಳಬೇಕಿಲ್ಲ. ಬರ್ಲಿನ್, ಹ್ಯಾಂಬರ್ಗ್, ಮ್ಯೂನಿಕ್ ಯಾವ ಹೆಸರಿನ ನಕಾಶೆಯಲ್ಲೂ ಕಪ್ಪಾಗಿ ಕಾಣುತ್ತವೆ, ಅವನ್ನು ಕಣ್ಣಿನಿಂದಲೇ ಅಳಿಸಿಬಿಡಿ.

ಕೆಲವು ಹೆಸರುಗಳಿಗೆ ಗೂಡೇ ಕಾಣುವುದಿಲ್ಲ. ಎಲ್ಲ ಕಡೆ ಒಂದೊಂದು ಚುಕ್ಕಿ ಚೆಲ್ಲಿಕೊಂಡಿರುತ್ತದೆ. ಆಗ ಹೆಸರಿಗೆ ಮೂಲವಿಲ್ಲ ಎಂದು ಕೈಬಿಡಬೇಡಿ. ಎರಡನೇ ಮಹಾಯುದ್ಧದ ಕೊನೆಯಲ್ಲಿ, ಅದರ ನಂತರ ಸೈಲೀಷಿಯ, ಪೂರ್ವ ಪ್ರಶ್ಯ, ಪೊಮೆರೇನಿಯ, ಬೊಹೀಮಿಯಗಳಿಂದ ಸುಮಾರು 1.2 ಕೋಟಿ ಜರ್ಮನ್ನರು ಊರು ಬಿಡಬೇಕಾಯಿತು. ಅವರನ್ನು ಸಿಕ್ಕಸಿಕ್ಕಲ್ಲಿ ನೆಲೆಗೊಳಿಸಿದ್ದರಿಂದ ಅವರ ಹೆಸರುಗಳೂ ಚೆಲ್ಲಾಪಿಲ್ಲಿಯಾದವು. ಚುಕ್ಕಿಗಳು ಹೀಗೆ ಹರಡಿದ್ದರೆ ಗೂಡು ಇಂದಿನ ಪೋಲೆಂಡ್ ಅಥವಾ ಜೆಕ್ ನಾಡಿನಲ್ಲಿ ಇದ್ದಿರುವ ಸಂಭವ ಹೆಚ್ಚು.

ಅದನ್ನು ನೋಡಲು 1945ಕ್ಕಿಂತ ಹಿಂದಿನ ಪಟ್ಟಿ ಬೇಕು. ಮೊದಲ ಮಹಾಯುದ್ಧದಲ್ಲಿ ಸತ್ತ, ಗಾಯಗೊಂಡ, ಸೆರೆ ಸಿಕ್ಕ ಜರ್ಮನ್ ಸೈನಿಕರ ಪಟ್ಟಿಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಜರ್ಮನಿಯ ಕಂಪ್ಯೂಟರ್ ವಂಶಾವಳಿ ಸಂಘದ ಸ್ವಯಂಸೇವಕರು ಲಕ್ಷಾಂತರ ನಮೂದುಗಳನ್ನು ಒಂದೊಂದಾಗಿ ಬೆರಳಚ್ಚು ಮಾಡಿ ಜಾಲಕ್ಕೆ ಏರಿಸಿದ್ದಾರೆ. ಸೈನಿಕನ ಹೆಸರಿನ ಪಕ್ಕದಲ್ಲಿ ಊರು ಇರುತ್ತದೆ. ಹೆಸರು ಹಾಕಿ, ಬಂದ ಊರುಗಳನ್ನು ಒಂದು ಹಾಳೆಯಲ್ಲಿ ಬರೆದು ಗುಂಪು ಮಾಡಿ ನೋಡಿ. ಒಂದೇ ಹೆಸರಿನ ಊರು ಹತ್ತಾರು ಕಡೆ ಇರುತ್ತವೆ, ಆದ್ದರಿಂದ ಜಿಲ್ಲೆಯ ಹೆಸರನ್ನು ಬಿಡದೆ ಬರೆದುಕೊಳ್ಳಬೇಕು.

ಎಷ್ಟು ಅಪರೂಪ?

ಟೆಲಿಫೋನ್ ಸಂಪರ್ಕ ಎಂದರೆ ಮನೆ, ಮನುಷ್ಯನಲ್ಲ. ಸಂಪರ್ಕಗಳ ಸಂಖ್ಯೆಯನ್ನು ಎರಡೂವರೆ ಅಥವಾ ಮೂರರಿಂದ ಗುಣಿಸಿದರೆ ಆ ಹೆಸರಿನ ಜನರ ಅಂದಾಜು ಸಿಗುತ್ತದೆ: 40 ಸಂಪರ್ಕವಿದ್ದರೆ ನೂರರಿಂದ ನೂರಿಪ್ಪತ್ತು ಮಂದಿ. ಹತ್ತಕ್ಕಿಂತ ಕಡಿಮೆ ಸಂಪರ್ಕ ಬಂದರೆ ಈ ಗುಣಾಕಾರ ನಂಬಿಕೆಗೆ ಅರ್ಹವಲ್ಲ, ಒಂದೇ ಮನೆತನದ ಅಣ್ಣತಮ್ಮಂದಿರಷ್ಟೇ ಇರಬಹುದು. ಜರ್ಮನಿಯಲ್ಲಿ ಬೇರೆಬೇರೆ ಅಡ್ಡಹೆಸರುಗಳು 8 ಲಕ್ಷಕ್ಕೂ ಹೆಚ್ಚಿವೆ, ಆದರೆ ವಲಸೆ ಬಂದ ಕುಟುಂಬಗಳದೂ ಅದರಲ್ಲಿ ಸೇರಿರುವುದರಿಂದ ಸಂಖ್ಯೆ ಕಡಿಮೆ ಎಂದ ಮಾತ್ರಕ್ಕೆ ಹೆಸರು ಪುರಾತನ ಎಂದಾಗುವುದಿಲ್ಲ.

ಬರಹ ಅಪರೂಪವೋ, ಹೆಸರೇ ಅಪರೂಪವೋ ಎಂಬುದನ್ನೂ ಬಿಡಿಸಿ ನೋಡಬೇಕು. ವೈಗ್ಲೆ ಕಡಿಮೆ ಕಾಣುವ ರೂಪ, ಆದರೆ ಅದು ವೈಗೆಲ್ ಎಂಬ ಚೆನ್ನಾಗಿ ಹರಡಿದ ಹೆಸರಿನ ಸ್ವಾಬಿಯನ್, ಎಂದರೆ ನೈಋತ್ಯ ಜರ್ಮನಿಯ, ಉಚ್ಚಾರ ಅಷ್ಟೆ.

ಹೆಸರು ಅಳಿಯುವುದಕ್ಕೆ ಕಾನೂನೂ ಒಂದು ಕಾರಣ. ಪಶ್ಚಿಮ ಜರ್ಮನಿಯಲ್ಲಿ ಹೆಂಡತಿಯ ಅಡ್ಡಹೆಸರನ್ನು ಇಡೀ ಕುಟುಂಬದ ಹೆಸರಾಗಿ ಆರಿಸಿಕೊಳ್ಳುವ ಅವಕಾಶ ಸಿಕ್ಕಿದ್ದು 1976ರಲ್ಲಿ. ಅಲ್ಲಿಯತನಕ ಗಂಡುಮಕ್ಕಳಿಲ್ಲದ ಮನೆಯ ಹೆಸರು ಆ ತಲೆಮಾರಿಗೇ ಮುಗಿಯುತ್ತಿತ್ತು. ನಾಲ್ಕೈದು ಮನೆಗಳಿರುವ ಹೆಸರಿಗೆ ಇದು ದೊಡ್ಡ ಹೊಡೆತ.

ಅರ್ಥಕ್ಕೆ ಕೈ ಹಾಕುವುದು ದಾಖಲೆ ನೋಡಿದ ಮೇಲೆ (ದಾಖಲೆಯ ದಾರಿ ಕೊನೆಯಲ್ಲಿದೆ)

ಜರ್ಮನ್ ಅಡ್ಡಹೆಸರುಗಳನ್ನು ಐದು ಬಗೆಯಾಗಿ ವಿಂಗಡಿಸುವುದು ರೂಢಿ: ಪೂರ್ವಜನ ಹೆಸರಿನಿಂದ, ಬಿಟ್ಟು ಬಂದ ಊರಿನಿಂದ, ವಾಸದ ಜಾಗದಿಂದ, ಕಸುಬಿನಿಂದ, ಆಡಿಕೊಂಡ ಹೆಸರಿನಿಂದ. ಮಿಷನ್ನಿನವರಲ್ಲೇ ನಾಲ್ಕಕ್ಕೆ ಉದಾಹರಣೆ ಸಿಗುತ್ತದೆ. ಗುಂಡರ್ಟ್ ಎಂಬುದು ಯುದ್ಧ, ಬಲ ಎಂಬ ಅರ್ಥದ ಎರಡು ಪದ ಸೇರಿದ ಗುಂಡ್‌ಹಾರ್ಟ್ ಎಂಬ ಹಳೆಯ ಗಂಡು ಹೆಸರಿನ ಸವೆದ ರೂಪ. ಝೀಗ್ಲರ್ ಎಂದರೆ ಹಂಚು, ಇಟ್ಟಿಗೆ ಸುಡುವವನು. ತಮಾಷೆಯೆಂದರೆ ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದವರು ಪ್ಲೆಬ್ಸ್ಟ್. ಫ್ರೆಡರಿಕ್ ಝೀಗ್ಲರ್ ಕನ್ನಡ ಕಲಿಯುವವರಿಗೆ ಪುಸ್ತಕ ಬರೆದುಕೊಂಡಿದ್ದರು. ಹಾಲರ್ ಎಂದರೆ ಹಾಲ್ ಎಂಬ ಊರಿನಿಂದ ಬಂದವನು.

ಕಿಟೆಲ್ ಹೆಸರು ಮಧ್ಯಕಾಲದ ಜರ್ಮನ್ನಿನ ಮೇಲಂಗಿಯ ಹೆಸರಿನಿಂದ ಬಂದದ್ದು, ಅದನ್ನು ತೊಡುವವನಿಗೋ ಹೊಲಿಯುವವನಿಗೋ ಅಂಟಿಕೊಂಡದ್ದು. ಇಷ್ಟಕ್ಕೆ ನಿಲ್ಲಿಸಿದರೆ ನಿಜವಾದ ಸಂಗತಿ ತಪ್ಪಿಹೋಗುತ್ತದೆ. ಫರ್ಡಿನಾಂಡ್ ಕಿಟೆಲ್ 1832ರಲ್ಲಿ ಹುಟ್ಟಿದ್ದು ಉತ್ತರ ಸಮುದ್ರದ ದಂಡೆಯ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ. ಅಲ್ಲಿ ಸ್ಥಿರವಾದ ಅಡ್ಡಹೆಸರೇ ರೂಢಿಯಲ್ಲಿರಲಿಲ್ಲ. ಅಪ್ಪನ ಹೆಸರನ್ನೇ ಇನಿಷಿಯಲ್ ಮಾಡಿಕೊಳ್ಳುವ ನಮ್ಮವರ ಹಾಗೆ ಅಲ್ಲಿಯೂ ತಲೆಮಾರಿಗೊಮ್ಮೆ ಹೆಸರು ಬದಲಾಗುತ್ತಿತ್ತು. ಯಾನ್‌ನ ಮಗ ಯಾನ್ಸೆನ್, ಅವನ ಮಗನಿಗೆ ಬೇರೆ. 1811ರಲ್ಲಿ ನೆಪೋಲಿಯನ್ ಆಡಳಿತ ಖಾಯಂ ಹೆಸರು ಇಟ್ಟುಕೊಳ್ಳಿ ಎಂದು ಆಜ್ಞೆ ಹೊರಡಿಸಬೇಕಾಯಿತು. ಅಂಥ ನೆಲದಲ್ಲಿ ಕಿಟೆಲ್ ಎಂಬ ಹೆಸರು ಹೊರಗಿನದು. ಅದರ ದಟ್ಟಣೆ ಇರುವುದು ಪೂರ್ವದ ಸ್ಯಾಕ್ಸನಿ ಕಡೆ. ಕಿಟೆಲರ ತಂದೆ ಪಾದ್ರಿ. ಪಾದ್ರಿಗಳು, ಮೇಷ್ಟರುಗಳು, ಅಧಿಕಾರಿಗಳು ಕೆಲಸ ಸಿಕ್ಕಲ್ಲಿಗೆ ಹೋಗುವವರು. ಅವರ ಮಕ್ಕಳ ಜನ್ಮಸ್ಥಳವನ್ನು ಹೆಸರಿನ ಮೂಲವೆಂದು ಹಿಡಿಯಬಾರದು.

ಮೋಗ್ಲಿಂಗ್ ವಿಷಯದಲ್ಲೂ ಇದೇ ಎಚ್ಚರ ಬೇಕು. ನೈಋತ್ಯ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯಲ್ಲಿ ಈ ಹೆಸರನ್ನು ಹೋಲುವ ಊರುಗಳು ಕನಿಷ್ಠ ಮೂರು: ಲುಡ್ವಿಗ್ಸ್‌ಬರ್ಗ್ ಪಕ್ಕದ ಮೋಗ್ಲಿಂಗೆನ್, ಓರಿಂಗೆನ್ ಪಟ್ಟಣಕ್ಕೆ ಸೇರಿದ ಇನ್ನೊಂದು ಮೋಗ್ಲಿಂಗೆನ್, ಪೂರ್ವಕ್ಕೆ ಆಲೆನ್ ಕಡೆಯ ಮ್ಯೋಗ್ಗ್ಲಿಂಗೆನ್. ಹರ್ಮನ್ ಮೋಗ್ಲಿಂಗ್ 1811ರಲ್ಲಿ ಹುಟ್ಟಿದ ಬ್ರಾಕೆನ್‌ಹೈಮ್‌ನಿಂದ ಮೊದಲನೆಯದು ನೇರ ಗೆರೆಯಲ್ಲಿ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಹತ್ತಿರದ್ದೇ ಮೂಲ ಎನ್ನಲು ಮನಸ್ಸಾಗುತ್ತದೆ. ಆದರೆ ಈ ಹೆಸರು ಬ್ರಾಕೆನ್‌ಹೈಮ್‌ಗಿಂತ ಎಷ್ಟೋ ಮೊದಲು ಬೇರೆ ಕಡೆ ಕಾಣುತ್ತದೆ. ವೈದ್ಯ, ಗಣಿತಜ್ಞ ಡೇನಿಯಲ್ ಮೋಗ್ಲಿಂಗ್ 1596ರಲ್ಲಿ ಬ್ಯೋಬ್ಲಿಂಗೆನ್‌ನಲ್ಲಿ ಹುಟ್ಟಿದವನು. ಅದೇ ಹೆಸರಿನ ಅವನ ಅಜ್ಜ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಕಲಿಸುತ್ತಿದ್ದವನು. ಮೊಮ್ಮಗ ಮುಂದೆ ಹೆಸ್ಸೆ ಸೀಮೆಯ ಬುಟ್ಸ್‌ಬಾಕ್‌ನಲ್ಲಿ ಆಸ್ಥಾನ ವೈದ್ಯನಾದ. ಎಂದರೆ ಓದುಬರಹದ ಮನೆತನಗಳು 16ನೇ ಶತಮಾನದಲ್ಲೇ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದವು. ಅಳತೆಪಟ್ಟಿ ಇಡಬೇಕಾದದ್ದು ಬ್ರಾಕೆನ್‌ಹೈಮ್ ಮೇಲಲ್ಲ, ಈ ಹೆಸರು ಮೊಟ್ಟಮೊದಲು ಬರಹದಲ್ಲಿ ಕಂಡ ಊರಿನ ಮೇಲೆ.

ಊರಿನಿಂದ ಬಂದ ಹೆಸರನ್ನು ಪರೀಕ್ಷಿಸಲು ಇನ್ನೆರಡು ಒರೆಗಲ್ಲುಗಳಿವೆ. ಒಂದು, ಇಂಥ ಹೆಸರು ಆ ಊರಿನ ಒಳಗೆ ಹುಟ್ಟುವುದಿಲ್ಲ. ಹೆಸ್ಸೆಯಲ್ಲಿ ಎಲ್ಲರೂ ಹೆಸ್ಸೆಯವರೇ. ಊರು ಬಿಟ್ಟು ಹೊರಗೆ ಹೋದವನನ್ನಷ್ಟೇ ‘ಹೆಸ್ಸೆ’ ಎಂದು ಕರೆದಾರು. ಹಾಗಾಗಿ ಗೂಡು ಆ ಊರಿನಿಂದ ಒಂದು ದಿನದ ನಡಿಗೆಯಷ್ಟು ದೂರದ ಪೇಟೆಯಲ್ಲಿ ಕಂಡರೆ ಊಹೆ ಬಲವಾಗುತ್ತದೆ. ಎರಡು, ಊರಿನ ಹಳೆಯ ಬರಹ ನೋಡಬೇಕು. ಅಡ್ಡಹೆಸರುಗಳು ನೆಲೆಯೂರಿದ 13ರಿಂದ 15ನೇ ಶತಮಾನದ ದಾಖಲೆಗಳಲ್ಲಿ ಊರಿನ ಹೆಸರು ಬೇರೆಯೇ ಆಗಿದ್ದರೆ ಆ ಊರನ್ನು ಪಟ್ಟಿಯಿಂದ ಹೊಡೆದುಹಾಕಿ. ‘ಇಂಗೆನ್’ ಕೊನೆಯ ಊರುಗಳಿಂದ ಸಾಮಾನ್ಯವಾಗಿ ‘ಇಂಗರ್’ ಕೊನೆಯ ಹೆಸರು ಹುಟ್ಟುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೋಗ್ಲಿಂಗ್‌ಗೆ ಊರಿನ ವಿವರಣೆ ಸಲೀಸಾಗಿ ಒಪ್ಪದಿರಲು ಅದೇ ಕಾರಣ.

ದಾಖಲೆಗೆ ಹೋಗುವ ದಾರಿ

ಕರ್ನಾಟಕಕ್ಕೆ ಬಂದ ಮಿಷನರಿಯ ಹೆಸರಾದರೆ ಬಾಸೆಲ್ ಮಿಷನ್ನಿನ ಕಡತಗಳನ್ನು ಇಟ್ಟುಕೊಂಡಿರುವ, ಬಾಸೆಲ್‌ನ ಮಿಷನ್ 21 ಸಂಸ್ಥೆಯ ಪತ್ರಾಗಾರದಿಂದ ಶುರು ಮಾಡಿ. ಅದರ ಸೂಚಿಯನ್ನು ಜಾಲದಲ್ಲಿ ನೋಡಬಹುದು. ಸೇರಿದ ಪ್ರತಿಯೊಬ್ಬರ ಹುಟ್ಟೂರು, ತಂದೆಯ ಕಸುಬು ಬರೆದಿಡುವ ಪದ್ಧತಿ ಅಲ್ಲಿತ್ತು, ಅದರಿಂದ ಅರ್ಧ ದಾರಿ ಉಳಿಯುತ್ತದೆ.

ಹುಟ್ಟೂರು ಸಿಕ್ಕ ಮೇಲೆ ಚರ್ಚ್ ಪುಸ್ತಕ. ಪ್ರಾಟೆಸ್ಟೆಂಟ್ ಪುಸ್ತಕಗಳು ಆರ್ಕಿಯೋನ್ ಎಂಬ ತಾಣದಲ್ಲಿ ಹಣ ಕೊಟ್ಟು ನೋಡುವಂತಿವೆ, ಕ್ಯಾಥೊಲಿಕ್ ಪುಸ್ತಕಗಳಲ್ಲಿ ಬಹಳಷ್ಟು ಮಾಟ್ರಿಕುಲ ತಾಣದಲ್ಲಿ ಉಚಿತ. ವ್ಯೂರ್ಟೆಂಬರ್ಗ್‌ನ ಪುಸ್ತಕಗಳು 1550ರ ದಶಕದ ಕೊನೆಯಿಂದಲೇ ಶುರುವಾಗುತ್ತವೆ, ಆದರೆ 1618–48ರ ಮೂವತ್ತು ವರ್ಷದ ಯುದ್ಧದಲ್ಲಿ ಸುಟ್ಟುಹೋದವು ಲೆಕ್ಕವಿಲ್ಲ. ಬರಹ ಕುರೆಂಟ್ ಎಂಬ ಹಳೆಯ ಮೋಡಿಯಲ್ಲಿರುತ್ತದೆ. ಅದರಲ್ಲಿ ‘ಇ’ (e) ಅಕ್ಷರ ಥೇಟು ‘ಎನ್’ (n) ಹಾಗೆ ಕಾಣುತ್ತದೆ, ‘ಯು’ (u) ಮೇಲೆ ಒಂದು ಕೊಂಡಿ ಇರುತ್ತದೆ. ಹೆಸರನ್ನು ಓದುವ ಮೊದಲು ಅದೇ ಪುಟದಲ್ಲಿ ನಿಮಗೆ ಗೊತ್ತಿರುವ ತಿಂಗಳುಗಳ ಹೆಸರು ಹುಡುಕಿ, ಆ ಪಾದ್ರಿಯ ಒಂದೊಂದು ಅಕ್ಷರವನ್ನೂ ಪಕ್ಕಕ್ಕೆ ಬರೆದುಕೊಳ್ಳಿ. ಆಮೇಲೆ ಓದು ಸಲೀಸು.

1876ರ ಈಚಿನದಕ್ಕೆ ಊರಿನ ನೋಂದಣಿ ಕಚೇರಿಗೆ ಬರೆಯಬೇಕು. ಜನನ ದಾಖಲೆ 110 ವರ್ಷ, ವಿವಾಹ 80, ಮರಣ 30 ವರ್ಷ ತುಂಬಿದ ಮೇಲಷ್ಟೇ ಹೊರಗಿನವರಿಗೆ ಸಿಗುತ್ತದೆ. ಅವಧಿ ಮುಗಿದವು ಪತ್ರಾಗಾರಕ್ಕೆ ಹೋಗಿರುತ್ತವೆ. ಪತ್ರದಲ್ಲಿ ಒಬ್ಬರ ಹೆಸರು, ಒಂದು ಘಟನೆ, ಹೆಚ್ಚೆಂದರೆ ಐದು ವರ್ಷದ ಅಂತರ ಕೊಡಿ. ‘ಈ ಹೆಸರಿನವರೆಲ್ಲರ ವಿವರ ಕಳಿಸಿ’ ಎಂದರೆ ಗಂಟೆಗಿಷ್ಟು ಎಂದು ಶುಲ್ಕದ ಪತ್ರ ಬರುತ್ತದೆ. ಇನ್ನು ಯಾವ ಹೆಸರು ಹಾಕಿದರೂ ಬಣ್ಣಬಣ್ಣದ ಮನೆತನದ ಲಾಂಛನ ಮುದ್ರಿಸಿ ಮಾರುವ ತಾಣಗಳಿವೆ. ಲಾಂಛನ ಒಂದು ನಿರ್ದಿಷ್ಟ ಕುಟುಂಬದ್ದು, ಹೆಸರಿನದಲ್ಲ. ಅದಕ್ಕೆ ದುಡ್ಡು ಹಾಕಬೇಡಿ.