ಕಿಟಕಿಯ ಲೆಕ್ಕ: ಕೋವಿಡ್ ಕಾಲದಲ್ಲಿ ಶಾಲೆ ನಡೆಸಿದ ನನ್ನ ಅನುಭವ

"ಕಿಟಕಿ ತೆಗೆಯೋಕೂ ಒಂದು ಕಮಿಟಿ ಬೇಕಾ ಮೇಡಂ?" 2021ರಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಹೀಗೆ ಕೇಳಿದ್ದರು. ಅದೇ ಮೇಷ್ಟ್ರು ಆಮೇಲೆ ಕ್ಲಾಸಿಗೆ ಹೋದ ಕೂಡಲೇ ಮೊದಲು ಗಾಳಿ ಅಳೆಯುವ ಮೀಟರ್ ನೋಡಿ, ನಂತರ ಹಾಜರಿ ಕೂಗುವಂತಾದರು. ನಾನು ವಿಜ್ಞಾನದ ಟೀಚರ್. ಮಕ್ಕಳ ಆರೋಗ್ಯದ ಹೊಣೆ ಯಾರಿಗೂ ಬೇಡವಾಗಿತ್ತು, ನನ್ನ ತಲೆಗೆ ಬಂತು. ಮೂರು ವರ್ಷ ಅದನ್ನು ಹೊತ್ತು, ಎಡವಿ, ಕೊನೆಗೆ ಗೆದ್ದಿದ್ದೇನೆ. ಶಾಲೆಯಲ್ಲಿ ಇದೇ ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಾಸ್ಕ್ ಯಾಕೆ, ಸೋಪು ಯಾಕೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ.

ಮೊದಲು ಹಣ ಎಲ್ಲಿ ಹಾಳಾಯಿತು ಅಂತ ಹೇಳಿಬಿಡುತ್ತೇನೆ. ಶಾಲೆ ಮತ್ತೆ ತೆರೆದಾಗ ಕೈಯಲ್ಲಿದ್ದ ಹಣದಲ್ಲಿ ಮುಕ್ಕಾಲು ಪಾಲು ಮೂರು ವಸ್ತುಗಳಿಗೆ ಹೋಯಿತು. ಔಷಧಿ ಸಿಂಪಡಿಸುವ ಯಂತ್ರ, ಗೇಟಿನಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್, ಬೆಂಚುಗಳ ಮಧ್ಯೆ ನಿಲ್ಲಿಸುವ ಪ್ಲಾಸ್ಟಿಕ್ ಹಾಳೆ. ದಿನಾ ಸಂಜೆ ಬೆಂಚುಗಳಿಗೆ ಔಷಧಿ ಹೊಡೆಸಿದೆವು. ಮಾರನೇ ದಿನ ಮಕ್ಕಳ ಕಣ್ಣು ಉರಿಯುತ್ತಿತ್ತು, ಸೋಂಕು ಮಾತ್ರ ನಿಲ್ಲಲಿಲ್ಲ. ಥರ್ಮಾಮೀಟರ್ ಎಷ್ಟು ಮಕ್ಕಳನ್ನು ಹಿಡಿಯಿತು ಅಂದರೆ, ನನಗೆ ನೆನಪಿರುವ ಹಾಗೆ ಇಬ್ಬರನ್ನು. ಅವರಲ್ಲಿ ಒಬ್ಬ ಬಿಸಿಲಲ್ಲಿ ಓಡಿ ಬಂದಿದ್ದವನು. ಜ್ವರವೇ ಇಲ್ಲದೆ ಸೋಂಕು ಹಂಚುವ ಮಕ್ಕಳು ಅದರ ಮುಂದೆಯೇ ಒಳಗೆ ಬರುತ್ತಿದ್ದರು. ಪ್ಲಾಸ್ಟಿಕ್ ಹಾಳೆಯಂತೂ ಗಾಳಿಯನ್ನೇ ತಡೆಯಿತು. ಎರಡನೇ ತಿಂಗಳಲ್ಲಿ ಒಂದೇ ಕ್ಲಾಸಿನ ಹನ್ನೊಂದು ಮಕ್ಕಳು ಒಂದೇ ವಾರದಲ್ಲಿ ಮಲಗಿದರು. ಹಾಳೆ ಇದ್ದದ್ದು ಅದೇ ಕ್ಲಾಸಿನಲ್ಲಿ.

ಆ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. 2020ರ ಜುಲೈನಲ್ಲೇ 239 ವಿಜ್ಞಾನಿಗಳು ಒಂದು ಬಹಿರಂಗ ಪತ್ರಕ್ಕೆ ಬೆಂಬಲ ಕೊಟ್ಟು, ಈ ರೋಗ ಗಾಳಿಯಲ್ಲಿ ಹರಡುತ್ತೆ, ಗಮನ ಕೊಡಿ ಅಂತ ಕೇಳಿಕೊಂಡಿದ್ದರು. ನಾನು ಅದನ್ನು ಆಗಲೇ ಓದಿದ್ದೆ. ಓದಿಯೂ ಬೆಂಚು ಒರೆಸುತ್ತಾ ಕೂತಿದ್ದೆ.

ಇನ್ನು ಮೀಟರ್. ಕ್ಲಾಸಿನಲ್ಲಿ ಉಸಿರು ಎಷ್ಟು ತುಂಬಿದೆ ಅಂತ ತಿಳಿಯಲು ಕಾರ್ಬನ್ ಡೈಆಕ್ಸೈಡ್ ಅಳೆಯುವುದೇ ಸುಲಭದ ದಾರಿ. ಮೀಟರಿನ ಅಂಕಿ ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದು ಎಷ್ಟು ಪಾಲು ಇದೆ ಅಂತ. ಅಗ್ಗಕ್ಕೆ ಸಿಕ್ಕಿತು ಅಂತ ಮೊದಲು ಎಂಟು ಮೀಟರ್ ತರಿಸಿದೆ. ಎರಡು ದಿನ ಖುಷಿಯೋ ಖುಷಿ. ಮೂರನೇ ದಿನ ಒಬ್ಬ ಹುಡುಗಿ ಅದರ ಪಕ್ಕ ನಿಂತು ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡಳು. ಅಂಕಿ 600ರಿಂದ ನೇರ 3000ಕ್ಕೆ ಹಾರಿತು! ಆಗ ಗೊತ್ತಾಯಿತು, ಅದು ಕಾರ್ಬನ್ ಡೈಆಕ್ಸೈಡ್ ಅಳೆಯುವ ಮೀಟರೇ ಅಲ್ಲ. ಗಾಳಿಯಲ್ಲಿರುವ ಆಲ್ಕೋಹಾಲಿನಂಥ ಆವಿ ನೋಡಿ ಅಂದಾಜು ಹೇಳುವ ಸೆನ್ಸರ್. ಎಂಟೂ ದಂಡ. ಇನ್ಫ್ರಾರೆಡ್ ಸೆನ್ಸರ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಅದಕ್ಕೆ ಆಗ ಎರಡು ಮೂರು ಪಟ್ಟು ಜಾಸ್ತಿ ಹಣ ಬೀಳುತ್ತಿತ್ತು, ಹಾಗಾಗಿ ನಾನು ಮೂರೇ ಕೊಂಡೆ. ಒಂದೊಂದು ವಾರ ಒಂದೊಂದು ಕ್ಲಾಸಿಗೆ ತಿರುಗಿಸಿದೆ. ಪ್ರತಿ ಸೋಮವಾರ ಬಯಲಿಗೆ ತಂದು ಇಡುತ್ತಿದ್ದೆ. ಹೊರಗಿನ ಗಾಳಿಯಲ್ಲಿ ಇರುವ 420ರ ಆಸುಪಾಸು ತೋರಿಸದಿದ್ದರೆ ಮತ್ತೆ ಹೊಂದಿಸುತ್ತಿದ್ದೆ. ಇದನ್ನು ಮರೆತವರು ಸುಮ್ನೆ ತಪ್ಪು ಅಂಕಿ ನಂಬಿಕೊಂಡು ಕೂರುತ್ತಾರೆ.

ಕಿಟಕಿ ಮುಚ್ಚಿದ ಕ್ಲಾಸಿನಲ್ಲಿ ನಲವತ್ತು ಮಕ್ಕಳು. ಪೀರಿಯಡ್ ಮುಗಿಯುವ ಮೊದಲೇ ಅಂಕಿ 2000 ದಾಟಿತು. ಅದನ್ನು 800ರ ಕೆಳಗೆ ಇಡಬೇಕು ಅಂತ ಹಟ ಹಿಡಿದೆ. ಒಂದೇ ಗೋಡೆಯ ಕಿಟಕಿಗಳನ್ನೆಲ್ಲ ತೆಗೆದರೂ 1300ರ ಹತ್ತಿರ ನಿಂತುಬಿಟ್ಟಿತು. ಎದುರಿನ ಬಾಗಿಲೂ ತೆಗೆದ ಮೇಲೆ 900ಕ್ಕೆ ಬಂತು. ಗೋಡೆಯ ಮೇಲ್ಭಾಗದ ಪುಟ್ಟ ಗಾಳಿಕಿಂಡಿಗಳು, ಅಂದರೆ ವೆಂಟಿಲೇಟರ್‌ಗಳು ಬಣ್ಣ ಮೆತ್ತಿಕೊಂಡು ಎಷ್ಟು ವರ್ಷಗಳಿಂದ ಅಂಟಿಕೊಂಡಿದ್ದವೋ! ಬಡಗಿಯನ್ನು ಕರೆಸಿ ಒಂದು ಶನಿವಾರ ಎಲ್ಲವನ್ನೂ ಬಿಡಿಸಿದೆವು. ಮಕ್ಕಳ ಮೈಬಿಸಿಗೆ ಗಾಳಿ ಮೇಲೇರಿ ಅಲ್ಲಿಂದಲೇ ಹೊರಗೆ ಹೋಗುತ್ತೆ. ಅಂಕಿ 700-750ಕ್ಕೆ ಇಳಿಯಿತು. ಇಡೀ ಮೂರು ವರ್ಷದಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಲಾಭ ಕೊಟ್ಟದ್ದು ಆ ಶನಿವಾರ.

ಚಳಿ ತಿಂಗಳಲ್ಲಿ ಮಕ್ಕಳು ನಡುಗುತ್ತಿದ್ದರು. ಪೋಷಕರಿಂದ ದೂರು ಬಂತು, ಅದು ನ್ಯಾಯವೇ. 2020ರಲ್ಲಿ ಜರ್ಮನಿಯ ಶಾಲೆಗಳಿಗೆ ಅಲ್ಲಿನ ಪರಿಸರ ಸಂಸ್ಥೆ 20 ನಿಮಿಷಕ್ಕೊಮ್ಮೆ ಕಿಟಕಿ ಪೂರ್ತಿ ತೆರೆದು ಮುಚ್ಚಿ ಅಂತ ಹೇಳಿತ್ತು. ನಾವೂ ಹಾಗೇ ಮಾಡಿದೆವು. ಟೀಚರ್‌ಗಳಿಗೆ ನೆನಪಿರುವುದಿಲ್ಲ ಅಂತ ಪ್ರತಿ ಬೆಂಚಿಗೆ ಒಬ್ಬರಂತೆ ಕಿಟಕಿ ಲೀಡರ್ ಮಾಡಿದೆ. ಮಕ್ಕಳು ನಮಗಿಂತ ಕಟ್ಟುನಿಟ್ಟು.

ಆದರೂ ಎರಡು ಕೊಠಡಿ ದಾರಿಗೆ ಬರಲಿಲ್ಲ. ಒಂದಕ್ಕೆ ಕಿಟಕಿ ಒಂದೇ ಕಡೆ, ಇನ್ನೊಂದು ಕಂಪ್ಯೂಟರ್ ಲ್ಯಾಬ್. ಅಲ್ಲಿಗೆ ಗಾಳಿ ಶುದ್ಧ ಮಾಡುವ ಫ್ಯಾನ್ ಡಬ್ಬ ಮಾಡಿದೆ. 2020ರಲ್ಲಿ ಅಮೆರಿಕದ ಎಂಜಿನಿಯರಿಂಗ್ ಪ್ರೊಫೆಸರ್ ರಿಚರ್ಡ್ ಕೋರ್ಸಿ ಕೊಟ್ಟ ಯೋಚನೆಯಿಂದ, ಫಿಲ್ಟರ್ ಕಂಪನಿ ನಡೆಸುತ್ತಿದ್ದ ಜಿಮ್ ರೋಸೆಂಥಾಲ್ ಮಾಡಿ ತೋರಿಸಿದ ಡಬ್ಬ ಅದು. ಸಣ್ಣ ಕಣಗಳನ್ನೂ ಹಿಡಿಯುವ ಮೆರ್ವ್-13 ದರ್ಜೆಯ ನಾಲ್ಕು ಫಿಲ್ಟರ್‌ಗಳನ್ನು ನಾಲ್ಕು ಗೋಡೆಯಂತೆ ನಿಲ್ಲಿಸಿ, ತಳಕ್ಕೆ ರಟ್ಟು, ಮೇಲೆ ಚೌಕದ ಫ್ಯಾನ್, ಸುತ್ತ ಟೇಪು. ಫ್ಯಾನ್ ಗಾಳಿಯನ್ನು ಫಿಲ್ಟರ್ ಮೂಲಕ ಒಳಗೆ ಎಳೆದು ಮೇಲಿಂದ ಹೊರಗೆ ಬಿಡುತ್ತೆ. ಗಾಳಿ ಶುದ್ಧ ಮಾಡುವ ರೆಡಿಮೇಡ್ ಯಂತ್ರ ಒಂದರ ಹಣದಲ್ಲಿ ಆಗ ಇಂಥ ನಾಲ್ಕೈದು ಡಬ್ಬ ಆಗುತ್ತಿತ್ತು.

ನನ್ನ ಮೊದಲ ಡಬ್ಬ ಕೆಟ್ಟಿತು. ಜಾಸ್ತಿ ದಪ್ಪ ಇದ್ದರೆ ಜಾಸ್ತಿ ಒಳ್ಳೆಯದು ಅಂತ ಇನ್ನೂ ಬಿಗಿಯಾದ ಹೆಪಾ ಫಿಲ್ಟರ್ ಹಾಳೆ ಹಾಕಿದ್ದೆ. ಫ್ಯಾನಿಗೆ ಅಷ್ಟು ಬಲ ಇಲ್ಲ. ಗಾಳಿಯೇ ಬರಲಿಲ್ಲ, ಮೋಟಾರ್ ಬಿಸಿಯಾಗಿ ವಾಸನೆ ಬಂತು. ಎರಡನೇ ಡಬ್ಬದಲ್ಲಿ ಒಂದು ಫಿಲ್ಟರನ್ನು ಗಾಳಿ ಹೋಗುವ ದಿಕ್ಕಿನ ಬಾಣದ ಗುರುತು ನೋಡದೆ ತಿರುಗಿಸಿ ಕೂರಿಸಿದ್ದೆ. ಮೂರನೆಯದು ಸರಿಯಾಗಿ ಕೆಲಸ ಮಾಡಿತು. ಫ್ಯಾನಿನ ಮೂಲೆಗಳಿಗೆ ರಟ್ಟು ಮುಚ್ಚಿ ನಡುವೆ ದುಂಡಗಿನ ಬಾಯಿ ಬಿಟ್ಟರೆ ಗಾಳಿ ಹಿಂದಕ್ಕೆ ನುಗ್ಗುವುದಿಲ್ಲ, ಇದನ್ನು ಬಿಡಬೇಡಿ. ಸದ್ದು ಕಮ್ಮಿ ಮಾಡಲು ಡಬ್ಬದ ಅಡಿಗೆ ನಾನು ಏನು ಇಟ್ಟೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಮ್ಮ ಮಕ್ಕಳು ಅದನ್ನು ವಿಜ್ಞಾನ ಪ್ರದರ್ಶನಕ್ಕೆ ಒಯ್ಯಬೇಕು ಅಂತಿದ್ದಾರೆ, ಅದು ಅವರ ಪಾಲು.

ಡಬ್ಬ ಇಟ್ಟ ಮೇಲೆ ಒಂದು ಜಗಳ. "ಮೀಟರ್ ಅಂಕಿ ಇಳಿದೇ ಇಲ್ಲ, ನಿಮ್ಮ ಡಬ್ಬ ದಂಡ" ಅಂದರು ಆಡಳಿತ ಮಂಡಳಿಯವರು. ಇಳಿಯುವುದಿಲ್ಲ! ಫಿಲ್ಟರ್ ಹಿಡಿಯುವುದು ಕಣಗಳನ್ನು, ಕಾರ್ಬನ್ ಡೈಆಕ್ಸೈಡನ್ನು ಅಲ್ಲ. ಎರಡು ತಿಂಗಳ ನಂತರ ಕಪ್ಪಾದ ಫಿಲ್ಟರನ್ನು ಬಿಚ್ಚಿ ಹೊಸದರ ಪಕ್ಕ ಮೀಟಿಂಗಿನ ಮೇಜಿನ ಮೇಲೆ ಇಟ್ಟೆ. ಆಮೇಲೆ ಯಾರೂ ಮಾತಾಡಲಿಲ್ಲ. ಇನ್ನೂ ಮೂರು ಡಬ್ಬಕ್ಕೆ ಅವತ್ತೇ ಒಪ್ಪಿಗೆ ಸಿಕ್ಕಿತು.

ಮಾಸ್ಕ್ ಬಗ್ಗೆ ಒಂದೇ ಮಾತು. ಬಟ್ಟೆ ಎಷ್ಟು ಪದರ ಅನ್ನುವಷ್ಟೇ ಮುಖ್ಯ ಅದು ಮುಖಕ್ಕೆ ಕೂರುವುದು. ಚಿಕ್ಕ ಮಕ್ಕಳಿಗೆ ದೊಡ್ಡವರ ಮಾಸ್ಕ್ ಕೊಟ್ಟು ಕೆನ್ನೆಯ ಪಕ್ಕ ಬೆರಳು ತೂರುವಷ್ಟು ಸಂದು ಬಿಟ್ಟರೆ ಪ್ರಯೋಜನ ಕಮ್ಮಿ. ಕೈ ತೊಳೆಯುವುದನ್ನೂ ನಾವು ಬಿಡಲಿಲ್ಲ. ಕೋವಿಡ್‌ಗಿಂತ ಹೊಟ್ಟೆನೋವು, ಭೇದಿ ಅದರಿಂದ ಕಮ್ಮಿಯಾದವು ಅಂತ ನನ್ನ ಅಂದಾಜು.

ನಿಜವಾಗಿ ಕಷ್ಟವಾದದ್ದು ಹುಷಾರಿಲ್ಲದ ಮಗುವನ್ನು ಮನೆಯಲ್ಲಿ ಉಳಿಸುವುದು. "ಬರೀ ನೆಗಡಿ ಮೇಡಂ, ಮನೇಲಿ ನೋಡ್ಕೊಳ್ಳೋರು ಯಾರೂ ಇಲ್ಲ" ಅಂತ ಒಬ್ಬ ತಾಯಿ ಗೇಟಿನಲ್ಲಿ ಅತ್ತರು. ಅವರಿಗೆ ನಾನು ಏನು ಹೇಳಲಿ? ನೋಟೀಸು ಕಳಿಸಿದ್ದೆಲ್ಲ ವ್ಯರ್ಥ. ಎಲ್ಲ ದಿನ ಬಂದವರಿಗೆ ಪೂರ್ಣ ಹಾಜರಿ ಬಹುಮಾನ ಕೊಡುತ್ತಿದ್ದೆವು, ಅದನ್ನು ನಿಲ್ಲಿಸಿದೆವು. ಮಕ್ಕಳು ಕೆಮ್ಮು ನುಂಗಿಕೊಂಡು ಬರುತ್ತಿದ್ದದ್ದೇ ಆ ಬಹುಮಾನಕ್ಕೆ. ತಪ್ಪಿದ ಪಾಠವನ್ನು ಅದೇ ಸಂಜೆ ಫೋನಿಗೆ ಕಳಿಸುತ್ತೇವೆ, ಟೆಸ್ಟ್ ಇನ್ನೊಂದು ದಿನ ಕೊಡುತ್ತೇವೆ ಅಂತ ಮಾತು ಕೊಟ್ಟೆವು, ಹಾಗೇ ನಡೆದುಕೊಂಡೆವು. ಮನೆಯಲ್ಲಿ ಯಾರೂ ಇಲ್ಲದ ಮಕ್ಕಳಿಗೆ ಜಗಲಿಯಲ್ಲಿ, ಪೂರ್ತಿ ಗಾಳಿಯಲ್ಲಿ, ಒಂದು ಮಂಚ ಮತ್ತು ಒಬ್ಬ ಆಯಾ. ಆ ಆಯಾಗೆ ಒಳ್ಳೆಯ ಮಾಸ್ಕ್ ಮತ್ತು ಹೆಚ್ಚಿನ ಸಂಬಳ ಕೊಡಿಸಿದೆ. ಇದಕ್ಕೆ ಮೂರು ಸಲ ಮಂಡಳಿಯ ಬಾಗಿಲು ತಟ್ಟಿದೆ.

ನಡುವೆ ಸಂಗೀತದ ಕ್ಲಾಸನ್ನೂ ಮರದಡಿಗೆ ಕಳಿಸಿದೆ. 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಗಾಯನ ತಂಡದ ಅಭ್ಯಾಸಕ್ಕೆ ಬಂದಿದ್ದ 61 ಜನರಲ್ಲಿ 50ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದಿದ್ದರು. ಅದು ನನ್ನ ತಲೆಯಲ್ಲಿ ಕೂತಿತ್ತು. ನಾವೂ ಮೀಟರ್ ಇಟ್ಟು ನೋಡಿದೆವು: ಒಳಗೆ ಸುಮ್ಮನೆ ಕೂತರೆ ನಿಧಾನವಾಗಿ ಏರುವ ಅಂಕಿ, ಹಾಡಿದರೆ ಬೇಗ ಬೇಗ ಏರುತ್ತೆ. ಮರದಡಿಯಲ್ಲಿ 450 ದಾಟಲೇ ಇಲ್ಲ. ಇದು ಹೊಸದೇನೂ ಅಲ್ಲ. 1904ರಲ್ಲೇ ಬರ್ಲಿನ್ ಪಕ್ಕದ ಶಾರ್ಲಾಟನ್‌ಬರ್ಗ್‌ನಲ್ಲಿ ಕ್ಷಯದ ಭಯವಿದ್ದ ಮಕ್ಕಳಿಗೆ ಕಾಡಿನಲ್ಲಿ ಬಯಲು ಶಾಲೆ ನಡೆಸಿದ್ದರು. ಗಣಿತಕ್ಕೂ ಬಯಲು ನೋಡಿದೆ, ಬೋರ್ಡ್ ಮೇಲೆ ಬಿಸಿಲು ಹೊಳೆದು ಯಾರಿಗೂ ಕಾಣಲಿಲ್ಲ. ಬಿಟ್ಟೆ.

ಫಲ ಏನು? ಮೊದಲ ವರ್ಷ ಕೆಟ್ಟ ವಾರಗಳಲ್ಲಿ ದಿನಕ್ಕೆ ಐವತ್ತು ಅರವತ್ತು ಮಕ್ಕಳು ಗೈರು. ಮೂರನೇ ವರ್ಷ ಅಂಥದೇ ವಾರದಲ್ಲಿ ಇಪ್ಪತ್ತರ ಸುಮಾರು. ಅಷ್ಟರಲ್ಲಿ ಲಸಿಕೆಯೂ ಬಂದಿತ್ತು, ಎಲ್ಲ ಹೆಗ್ಗಳಿಕೆ ನನ್ನದೇ ಅನ್ನಲಾರೆ. ಆದರೆ ಒಂದೇ ಕ್ಲಾಸಿನಲ್ಲಿ ಒಟ್ಟಿಗೆ ಹತ್ತು ಮಕ್ಕಳು ಮಲಗುವುದು ವೆಂಟಿಲೇಟರ್ ಬಿಡಿಸಿದ ಮೇಲೆ ಒಂದು ಸಲವೂ ಆಗಿಲ್ಲ. ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ.

ಬಸ್ಸು ಕೊನೆಯವರೆಗೂ ಕಾಡಿತು. ಮೀಟರನ್ನು ಬ್ಯಾಗಿನ ಮೇಲೆ ಕಟ್ಟಿಕೊಂಡು ಒಂದು ವಾರ ಮಕ್ಕಳ ಜೊತೆ ಓಡಾಡಿದೆ. ಕಿಟಕಿ ಮುಚ್ಚಿದಾಗ ಹತ್ತೇ ನಿಮಿಷಕ್ಕೆ 2500. ಮುಂದೆ ಎರಡು, ಹಿಂದೆ ಎರಡು ಕಿಟಕಿ ಅಂಗೈ ಅಗಲ ತೆಗೆದರೆ ಬಸ್ಸು ಓಡುವಾಗ 900. ನಿಂತ ಕೂಡಲೇ ಮತ್ತೆ ಏರುತ್ತೆ. ಮಕ್ಕಳನ್ನು ಹತ್ತಿಸಿಕೊಂಡು ಗೇಟಿನ ಒಳಗೆ ಕಾಯುವ ಆ ಹದಿನೈದು ನಿಮಿಷವನ್ನು ಕೊನೆಗೆ ತೆಗೆಸಿಹಾಕಿದೆ. ಈಗ ಮಕ್ಕಳು ಹೊರಗೆ ಸಾಲು ನಿಂತಿರುತ್ತಾರೆ, ಡ್ರೈವರ್ ಎಂಜಿನ್ ಶುರು ಮಾಡುವ ಮೊದಲು ಹತ್ತುತ್ತಾರೆ.