ಕೋಲಾರದ ಟೊಮೆಟೊ ಹಾಕಿ ಮನೆಯಲ್ಲೇ ರಾಮೆನ್

ರಾಮೆನ್ ಅಂದ ತಕ್ಷಣ ಪ್ಯಾಕೆಟ್ ನೂಡಲ್ಸ್ ನೆನಪಾದರೆ ಅದನ್ನು ಸದ್ಯಕ್ಕೆ ಮರೆತುಬಿಡಿ. ಮೊಮೊಫುಕು ಆಂಡೊ ಆ ಇನ್‌ಸ್ಟಂಟ್ ನೂಡಲ್ಸ್ ತಂದಿದ್ದು 1958ರಲ್ಲಿ. ಜಪಾನಿನ ಅಂಗಡಿಗಳಲ್ಲಿ ಅದಕ್ಕೂ ಮೊದಲಿಂದ ಮಾಡುವ ರಾಮೆನ್ ಬೇರೆಯೇ ಅಡುಗೆ. ಸಾರು, ಉಪ್ಪು-ರುಚಿ ಕೊಡುವ ತಾರೆ ಎಂಬ ಸಾಸ್, ಘಮದ ಎಣ್ಣೆ, ನೂಡಲ್ಸ್, ಮೇಲೆ ಇಡುವ ಪದಾರ್ಥ, ಈ ಐದನ್ನೂ ಬೇರೆಬೇರೆ ಮಾಡಿಟ್ಟುಕೊಂಡು ಊಟಕ್ಕೆ ಕೂರುವಾಗ ಬಟ್ಟಲಲ್ಲಿ ಸೇರಿಸುತ್ತಾರೆ. ಇದೊಂದು ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಸಾರು. ನಮ್ಮ ಕಡೆ ಬಸ್ಸಾರು ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಸೊಪ್ಪು-ಕಾಳು ಬೇಯಿಸಿ ಬಸಿದ ಕಟ್ಟಿನಲ್ಲೇ ರುಚಿ ಇರುತ್ತೆ ಅಂತ ಅವರಿಗೆ ಗೊತ್ತು. ನಾಲ್ಕು ಜನಕ್ಕೆ ಒಣಗಿದ ಶಿಟಾಕೆ ಅಣಬೆ ಎಂಟು ತಗೊಳ್ಳಿ. ಕೋಲಾರದಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ, ಒಣಗಿದ ಮಾಲು, ತಿಂಗಳುಗಟ್ಟಲೆ ಇರುತ್ತೆ. ಒಂದೂವರೆ ಲೀಟರ್ ತಣ್ಣೀರಲ್ಲಿ ನೆನೆಹಾಕಿ ರಾತ್ರಿಯೆಲ್ಲ ಫ್ರಿಜ್ಜಲ್ಲಿಡಿ. ಬೋರ್‌ವೆಲ್ ನೀರು ಬೇಡ. ಗಡಸು ನೀರಲ್ಲಿ ರುಚಿ ಸರಿಯಾಗಿ ಇಳಿಯಲ್ಲ, ಫಿಲ್ಟರ್ ನೀರೇ ಹಾಕಿ. ಬೆಳಗ್ಗೆ ನೀರು ಟೀ ಬಣ್ಣಕ್ಕೆ ತಿರುಗಿರುತ್ತೆ. ಅಣಬೆ ತೆಗೆದಿಟ್ಟು, ನೀರಿಗೆ ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪಿನ ಬಿಳಿ ಭಾಗ ಹಾಕಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕಾಯಿಸಿ ಸೋಸಿ. ಇದಕ್ಕೆ ಒಂದು ಲೋಟ ಹೆಸರುಕಾಳಿನ ಕಟ್ಟು ಸೇರಿಸಿದರೆ ಸಾರಿಗೆ ಮೈ ಬರುತ್ತೆ. ಹುರುಳಿ ಕಟ್ಟು ಮಾತ್ರ ಹಾಕಬೇಡಿ, ಅದರ ವಾಸನೆ ಮಿಕ್ಕಿದ್ದೆಲ್ಲವನ್ನೂ ನುಂಗಿಬಿಡುತ್ತೆ. ಅರಿಶಿನ ಬೇಡ, ಒಗ್ಗರಣೆ ಬೇಡ, ಉಪ್ಪೂ ಬೇಡ.

ಕೋಳಿ ತಿನ್ನುವವರಾದರೆ ಅಂಗಡಿಯಲ್ಲಿ ಬೆನ್ನಿನ ಮೂಳೆ, ಕಾಲು ಸೇರಿಸಿ ಒಂದು ಕೆಜಿ ಕೇಳಿ ತನ್ನಿ. ಕಾಲು ಇರಲೇಬೇಕು, ಸಾರು ತುಟಿಗೆ ಅಂಟುವ ಹಾಗೆ ಆಗುವುದು ಅದರಿಂದಲೇ. ಒಂದು ಕುದಿ ಬರಿಸಿ ಆ ನೊರೆ ನೀರನ್ನು ಚೆಲ್ಲಿ, ಮೂಳೆ ತೊಳೆದು, ಎರಡು ಲೀಟರ್ ಹೊಸ ನೀರು ಹಾಕಿ ಕುಕ್ಕರಲ್ಲಿ ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಯಿಸಿದರೆ ಸಾಕು.

ಈಗ ತಾರೆ. ನನ್ನ ಪ್ರಕಾರ ಇಡೀ ಅಡುಗೆಯ ಜೀವ ಇದರಲ್ಲಿದೆ, ಕೋಲಾರದವರಿಗೆ ಇದೇ ದೊಡ್ಡ ಅನುಕೂಲ. ಕಿಕುನೆ ಇಕೆಡ ಎಂಬ ಜಪಾನಿ ವಿಜ್ಞಾನಿ 1908ರಲ್ಲಿ ಕೊಂಬು ಎಂಬ ಕಡಲ ಪಾಚಿಯ ಸಾರಿನಿಂದ ಗ್ಲುಟಮೇಟ್ ಎಂಬ ಅಂಶ ಬೇರ್ಪಡಿಸಿ, ಅದು ಕೊಡುವ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಅದೇ ಗ್ಲುಟಮೇಟ್ ಹಣ್ಣಾದ ಟೊಮೆಟೊದಲ್ಲೂ ಚೆನ್ನಾಗಿ ಇರುತ್ತೆ. ಒಣ ಶಿಟಾಕೆಯಲ್ಲಿರುವುದು ಗ್ವಾನಿಲೇಟ್ ಎಂಬ ಇನ್ನೊಂದು ಅಂಶ, ಎರಡೂ ಸೇರಿದಾಗ ನಾಲಿಗೆಗೆ ರುಚಿ ಹಲವು ಪಟ್ಟು ಜಾಸ್ತಿ ಅನಿಸುತ್ತೆ. ಕೊಂಬು ಹುಡುಕಿಕೊಂಡು ಬೆಂಗಳೂರಿಗೆ ಹೋಗುವ ಅಗತ್ಯ ಏನಿದೆ? ದೇಶಕ್ಕೆಲ್ಲ ಟೊಮೆಟೊ ಹೋಗುವುದೇ ನಮ್ಮ ಎಪಿಎಂಸಿ ಯಾರ್ಡಿನಿಂದ ಅಲ್ವಾ?

ಲಾರಿಗೆ ತುಂಬುವ ಗಟ್ಟಿ ಕಾಯಿ ಬೇಡ. ಒತ್ತಿದರೆ ಬೆರಳು ಇಳಿಯುವಂಥ ಪೂರ್ತಿ ಕೆಂಪಗಿನ ನಾಲ್ಕು ಹಣ್ಣು ಆರಿಸಿ, ಎರಡು ಹೋಳು ಮಾಡಿ, ಕಾವಲಿಗೆ ಎಣ್ಣೆ ಸವರಿ ಕತ್ತರಿಸಿದ ಮುಖ ಕೆಳಗಾಗುವಂತೆ ಇಡಿ. ಕೈ ಆಡಿಸಬೇಡಿ. ಮೊದಲು ನೀರು ಬಿಟ್ಟು ಚುರುಗುಟ್ಟುತ್ತೆ, ಆಮೇಲೆ ಸದ್ದು ಕಡಿಮೆಯಾಗಿ ಅಂಚು ಕಂದುಗಟ್ಟಿ ಬೆಲ್ಲದಂಥ ಘಮ ಬರುತ್ತೆ, ಆಗ ಇಳಿಸಿ. ಕಿವುಚಿ ಸೋಸಿದ ಗಟ್ಟಿ ರಸಕ್ಕೆ ಅರ್ಧ ಲೋಟ ಸೋಯಾ ಸಾಸ್, ಒಂದು ಚಮಚ ಸಕ್ಕರೆ ಹಾಕಿ ಐದು ನಿಮಿಷ ಕುದಿಸಿ. ಸೋಯಾ ಸಾಸ್ ಬಾಟಲಿಯ ಹಿಂದೆ ಓದಿ ತಗೊಳ್ಳಿ: ಸೋಯಾ, ಗೋಧಿ, ಉಪ್ಪು, ನೀರು ಇಷ್ಟೇ ಇದ್ದರೆ ಒಳ್ಳೆಯದು. ಬಣ್ಣ ಹಾಕಿದ ಕಪ್ಪು ಸಾಸ್ ಗೋಬಿ ಮಂಚೂರಿಗೆ ಸರಿ, ಇದಕ್ಕೆ ಆಗಲ್ಲ.

ನೂಡಲ್ಸ್‌ಗೆ ಆ ಹಳದಿ ಬಣ್ಣ, ಹಲ್ಲಿಗೆ ಸಿಗುವ ಗಟ್ಟಿತನ ಬರುವುದು ಕ್ಷಾರದಿಂದ. ಜಪಾನಿನಲ್ಲಿ ಕನ್ಸುಯಿ ಅಂತ ಹಾಕುತ್ತಾರೆ. ಮನೆಯಲ್ಲಿ ಅಡುಗೆ ಸೋಡಾವನ್ನು ತಟ್ಟೆಯಲ್ಲಿ ಹರಡಿ 120 ಡಿಗ್ರಿ ಓವನ್ನಲ್ಲಿ ಒಂದು ಗಂಟೆ ಇಟ್ಟರೆ ಆಯ್ತು, ತೂಕ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಇಳಿದು ಇನ್ನೂ ಹೆಚ್ಚು ಕ್ಷಾರದ ಸೋಡಾ (ಸೋಡಿಯಂ ಕಾರ್ಬೊನೇಟ್) ಆಗುತ್ತೆ. ಅಲ್ಯೂಮಿನಿಯಂ ತಟ್ಟೆ ಬೇಡ, ಸ್ಟೀಲ್ ಅಥವಾ ಗಾಜು ಇರಲಿ. ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಉರಿಯುತ್ತೆ. ಮಕ್ಕಳ ಕೈಗೆ ಸಿಗದ ಹಾಗೆ ಹೆಸರು ಬರೆದ ಡಬ್ಬಿಯಲ್ಲಿಡಿ. ಒಂದು ಟೀ ಚಮಚ ಈ ಸೋಡಾ, ಒಂದು ಟೀ ಚಮಚ ಉಪ್ಪನ್ನು 160 ಮಿಲಿ ನೀರಲ್ಲಿ ಕರಗಿಸಿ 400 ಗ್ರಾಂ ಮೈದಾಗೆ ಕಲಸಿ. ಹಿಟ್ಟು ಪುಡಿಪುಡಿ ಅನಿಸುತ್ತೆ, ಹೆದರಿ ನೀರು ಹಾಕಬೇಡಿ! ಕವರಲ್ಲಿ ಕಟ್ಟಿ ಅರ್ಧ ಗಂಟೆ ಬಿಟ್ಟರೆ ತಾನೇ ಒಂದಾಗುತ್ತೆ. ಆಮೇಲೆ ತೆಳ್ಳಗೆ ಲಟ್ಟಿಸಿ, ಕಾರ್ನ್‌ಫ್ಲೋರ್ ಉದುರಿಸಿ, ಮಡಿಚಿ ಸಣ್ಣಗೆ ಕತ್ತರಿಸಿ.

ಅಷ್ಟೆಲ್ಲ ಪುರುಸೊತ್ತಿಲ್ಲ ಅಂದರೆ ತೆಳ್ಳನೆಯ ಸ್ಪಗೆಟ್ಟಿ ತಂದು, ಒಂದು ಲೀಟರ್ ಕುದಿಯುವ ನೀರಿಗೆ ಎರಡು ಟೀ ಚಮಚ ಮಾಮೂಲಿ ಅಡುಗೆ ಸೋಡಾ ಸ್ವಲ್ಪ ಸ್ವಲ್ಪವಾಗಿ ಹಾಕಿ ಬೇಯಿಸಿ. ಒಟ್ಟಿಗೆ ಸುರಿದರೆ ನೊರೆ ಉಕ್ಕಿ ಸ್ಟವ್ ಮೇಲೆ ಬರುತ್ತೆ, ದೊಡ್ಡ ಪಾತ್ರೆ ಇಡಿ.

ಎಣ್ಣೆಗೆ ಬೆಳ್ಳುಳ್ಳಿ, ಬಿಳಿ ಎಳ್ಳು ಹಾಕಿ ಹೊಂಬಣ್ಣ ಬಂದ ಮೇಲೆ ಇಳಿಸಿ ಬ್ಯಾಡಗಿ ಮೆಣಸಿನ ಪುಡಿ ಬೆರೆಸಿ. ಖಾರಕ್ಕಿಂತ ಬಣ್ಣ ಮುಖ್ಯ.

ಮೊಟ್ಟೆಯನ್ನು ಕುದಿಯುವ ನೀರಲ್ಲಿ ಆರೂವರೆ ನಿಮಿಷ ಬೇಯಿಸಿ ಐಸ್ ನೀರಿಗೆ ಹಾಕಿ, ಸುಲಿದು, ಸೋಯಾ ಸಾಸ್-ನೀರು-ಸಕ್ಕರೆಯಲ್ಲಿ ಮುಳುಗಿಸಿ ರಾತ್ರಿ ಫ್ರಿಜ್ಜಲ್ಲಿಡಿ. ನೆನೆದ ಶಿಟಾಕೆಯನ್ನು ಹೆಚ್ಚಿ ಹುರಿಯಿರಿ. ಪಾಲಕ್, ಸ್ವೀಟ್ ಕಾರ್ನ್ ಚೆನ್ನ, ಚಳಿಗಾಲದಲ್ಲಾದರೆ ಬೇಯಿಸಿದ ಹಿತಕಿದ ಅವರೆಬೇಳೆ ಒಂದು ಹಿಡಿ ಹಾಕಲೇಬೇಕು. ಸೊಗಡಿನ ಅವರೆಗೂ ಸೋಯಾಗೂ ಅಷ್ಟು ಚೆನ್ನಾಗಿ ಹೊಂದುತ್ತೆ.

ಜೋಡಿಸುವಾಗ ಎಲ್ಲರನ್ನೂ ಮೊದಲೇ ಊಟಕ್ಕೆ ಕೂರಿಸಿ. ಬಟ್ಟಲಿಗೆ ಬಿಸಿನೀರು ಹಾಕಿ ಚೆಲ್ಲಿ. ತಳಕ್ಕೆ ಎರಡು-ಮೂರು ದೊಡ್ಡ ಚಮಚ ತಾರೆ, ಒಂದು ಚಮಚ ಎಣ್ಣೆ, ಮೇಲೆ 300 ಮಿಲಿ ಕುದಿಯುವ ಸಾರು ಸುರಿದು ರುಚಿ ನೋಡಿ, ಉಪ್ಪು ಸಾಲದಿದ್ದರೆ ತಾರೆಯನ್ನೇ ಹಾಕಿ. ಮನೆಯ ನೂಡಲ್ಸ್‌ಗೆ ಬೇರೆ ನೀರಲ್ಲಿ ಎರಡು ನಿಮಿಷ ಸಾಕು, ಚೆನ್ನಾಗಿ ಬಸಿದು ಸಾರಿಗೆ ಬಿಡಿ. ಮೇಲೆ ಮೊಟ್ಟೆ, ಸೊಪ್ಪು. ತಕ್ಷಣ ತಿನ್ನಬೇಕು, ಫೋಟೋ ಅಂತ ಕೂತರೆ ಮೆತ್ತಗಾಗುತ್ತೆ. ಮಿಕ್ಕ ಸಾರು, ತಾರೆ ಬೇರೆಬೇರೆ ಡಬ್ಬಿಯಲ್ಲಿ ಫ್ರಿಜ್ಜಿಗೆ ಹೋಗಲಿ, ಸಾರನ್ನು ಮೂರು ದಿನದೊಳಗೆ ಮುಗಿಸಿ.