ಮನೆಯ ಚಿಂತೆ ಕಡತದಲ್ಲಿ ತಪ್ಪಾಗದಿರಲು: ಕಚೇರಿ ಮುಖ್ಯಸ್ಥರಿಗೆ

ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ಸಂಜೆ 5ಕ್ಕೆ ಸಭೆ ಇಟ್ಟರೆ ಸಿಬ್ಬಂದಿಯ ಮನಸ್ಸೆಲ್ಲ ಬಸ್ಸಿನ ಮೇಲೆಯೇ. ಆ ಗಡಿಬಿಡಿಯಲ್ಲಿ ಸರ್ವೆ ನಂಬರಿನ ಒಂದು ಅಂಕಿ ತಪ್ಪುತ್ತದೆ, ಕಡತ ವಾಪಸ್ ಬರುತ್ತದೆ, ಸಕಾಲದ (ನಿಗದಿತ ದಿನಗಳೊಳಗೆ ಸೇವೆ ಕೊಡಬೇಕೆನ್ನುವ ಕಾಯ್ದೆಯ) ಗಡುವು ಮೀರುತ್ತದೆ. ಸೋಮಾರಿತನವೆಂದು ನೋಟಿಸ್ ಕೊಡುವ ಮೊದಲು, ತಪ್ಪುಗಳು ಯಾವ ವೇಳೆಗೆ ಆಗುತ್ತಿವೆ ಎಂದು 2 ವಾರ ಬರೆದಿಡಿ.

ಸಭೆಯನ್ನು ಬೆಳಿಗ್ಗೆ 11ಕ್ಕೆ ತನ್ನಿ. ತಾಳೆ ನೋಡುವ ಕೆಲಸ ಮಧ್ಯಾಹ್ನದೊಳಗೆ ಮುಗಿಯಲಿ, ಟಪಾಲು ಸಂಜೆಗಿರಲಿ. ಪ್ರತಿ ಮೇಜಿನ ಕೆಲಸವೂ ಇನ್ನೊಬ್ಬರಿಗೆ ಗೊತ್ತಿರಬೇಕು, ಇಲ್ಲದಿದ್ದರೆ ರಜೆ ಮಂಜೂರಾದರೂ ಫೋನು ಬಿಡುವುದಿಲ್ಲ. ಮಹಿಳಾ ನೌಕರರು ಶಿಶುಪಾಲನಾ ರಜೆ ಕೇಳಿದರೆ ಮುಖ ಗಂಟು ಹಾಕಬೇಡಿ, ಅದು ನಿಯಮದಲ್ಲೇ ಇದೆ. ರಾತ್ರಿ 8ರ ಮೇಲೆ ವಾಟ್ಸಾಪ್‌ನಲ್ಲಿ 'ತುರ್ತು' ಎಂದು ಹಾಕುವ ಚಾಳಿ ಬಿಡಿ. ನೆರೆ, ಚುನಾವಣೆಯ ಮಾತು ಬೇರೆ.